ಮೂರನೆಯ ಟವೆಲು

ಪಾರ್ಕಿನೊಳಗಿನ ಹೋಟೆಲು ಕೋಟೆಯ ಆಕಾರದ್ದು,
ಕಿಟಕಿ ತೆರೆದರೆ ಹಂಸಗಳು ಕಾಣುತ್ತವಂತೆ.
ಅಲ್ಲಿನ ಒಂದು ರಾತ್ರಿಯ ಬಾಡಿಗೆಗೆ
ನಮ್ಮ ಕಾರಿಗೆ ನಾಲ್ಕೂ ಹೊಸ ಟೈರು ಬರುತ್ತಿದ್ದವು.
ಹಾಗಾಗಿ ಲುವಾರ್ ನದಿ ದಾಟಿ, ಪಾರ್ಕಿಗೆ ಹನ್ನೊಂದು ಕಿಲೋಮೀಟರ್ ಈಚೆ,
ಸೂರ್ಯಕಾಂತಿ ಹೊಲದಂಚಿನಲ್ಲಿ ಸೊಲಾಂಜಳ ಮಹಡಿ ಕೋಣೆ:
ಮೂರು ಮಂಚ, ಒಂದು ಬೇಸಿನ್ನು,
ಕಾಲಿಟ್ಟಲ್ಲೆಲ್ಲ ಚಾಡಿ ಹೇಳುವ ಹಲಗೆ ನೆಲ.
"ನಲ್ಲಿ ಎಡಕ್ಕೆ ತಿರುಗಿಸಿದರೆ ತಣ್ಣೀರು,
ಬಲಕ್ಕೆ ತಿರುಗಿಸಿದರೂ ತಣ್ಣೀರೇ,
ಆದರೆ ಕಾದರೆ ಅದು ಮನಸ್ಸು ಬದಲಾಯಿಸುತ್ತೆ"
ಎಂದು ಎಡಗಾಲು ಎಳೆಯುತ್ತ ಮೆಟ್ಟಿಲಿಳಿದಳು.

ಟವೆಲು ಎರಡೇ ಇದ್ದವು.
ನಾನು ರೆನ್ ಊರಿನ ಆಸ್ಪತ್ರೆಯ ಲಾಂಡ್ರಿಯವಳು,
ದಿನಕ್ಕೆ ಒಂಬೈನೂರು ಎಣಿಸುವ ಕೈ
ರಜೆಯಲ್ಲೂ ಎಣಿಸಿತು: ಮೂರು ಜನಕ್ಕೆ ಎರಡು.
ಕೇಳೋಣವೆಂದರೆ ರೊನಾನ್, "ಬಿಡೇ, ಅಗ್ಗದ ಕೋಣೆ."

ಪಾರ್ಕಿನಲ್ಲಿ ಹಸಿವಿಗೂ ಟಿಕೆಟ್ಟು.
ಮಣ್ಣಿನ ಬಟ್ಟಲಲ್ಲಿ ಬಿಳಿಕಾಳು, ಮೇಲೊಂದು ಹಂದಿಮಾಂಸದ ತುಣುಕು,
ಬಡಿಸುವವನ ತಲೆಗೆ ಸೈನಿಕನ ಟೊಪ್ಪಿ.
ರುಚಿ ಏಳುನೂರು ವರ್ಷ ಹಳೆಯದಂತೆ,
ಬೆಲೆ ಮಾತ್ರ ಇವತ್ತಿನದು.
ರೊನಾನ್ ಪಟ್ಟಿಯನ್ನು ಮೇಲಿಂದ ಕೆಳಗೆ ಓದಿ, ಕೆಳಗಿಂದ ಮೇಲೆ ಓದಿ
"ನನಗೆ ಹಸಿವಿಲ್ಲ" ಅಂದ.
ಟಿಟುವಾನ್ ಅರ್ಧಕ್ಕೆ ಬಿಟ್ಟು ಕುದುರೆ ನೋಡಲು ಓಡಿದ್ದೇ ತಡ
ಒಂದೇ ಚಮಚದಲ್ಲಿ ನಾವಿಬ್ಬರೂ
ತಳದಲ್ಲಿ ಮುಖ ಕಾಣುವಷ್ಟು ಬಳಿದೆವು.
ಚೆನ್ನಾಗಿತ್ತು. ಹೇಳಬೇಕಲ್ಲ.

ಜುಲೈಯಲ್ಲಿ ಇಲ್ಲಿ ಕತ್ತಲೆಗೂ ಸೋಮಾರಿತನ,
ಹತ್ತೂವರೆಗೆ ಬಂತು.
ಕಬ್ಬಿಣದ ಬೆಂಚು, ನಲವತ್ತನೆಯ ಸಾಲು,
ಮುಂದಿನವರ ತಲೆಗಳ ನಡುವೆ ಒಂದು ಕೆರೆ.
ಕೆರೆಯಿಂದ ಹಡಗೆದ್ದಿತು, ನೀರು ಸುರಿಸುತ್ತ.
ದೀಪ, ತುತ್ತೂರಿ, ಬಾತುಕೋಳಿಗಳ ಮೆರವಣಿಗೆ,
ಯಾವನೋ ರಾಜ ಯಾರನ್ನೋ ಕ್ಷಮಿಸಿದ.
ನನಗೆ ತೂಕಡಿಕೆ.
ಆಮೇಲೆ ಊರಿಗೆ ಬೆಂಕಿ ಬಿತ್ತು.
ಶಾಖ ನಮ್ಮ ಸಾಲಿನವರೆಗೂ ಬಂದು ಕೆನ್ನೆ ಮುಟ್ಟಿತು.
ಉರಿಯುವ ಬಾಗಿಲಿನಿಂದ ಒಬ್ಬಳು ಓಡಿಬಂದಳು,
ಎದೆಗವಚಿದ ಕೂಸು, ಬಿಚ್ಚಿದ ಕೂದಲು,
ಎಡಗಾಲು ಎಳೆಯುತ್ತ.

"ಅಮ್ಮಾ, ಅದು ಸೊಲಾಂಜ್!"
ಸುತ್ತಲಿನವರು ಶ್ ಎಂದರು.
"ಅಮ್ಮಾ, ಅವಳ ಮನೆ ಸುಡ್ತಾ ಇದೆ, ನಮ್ಮ ಬ್ಯಾಗು ಅಲ್ಲೇ ಇದೆ!"
ರೊನಾನ್ ನಕ್ಕ. ನನಗೆ ನಗಲಾಗಲಿಲ್ಲ.
ಅವಳು ಮಂಡಿಯೂರಿ ಕೂಸಿನ ಮೇಲೆ ಬಾಗಿದ್ದಳು,
ಧ್ವನಿವರ್ಧಕಕ್ಕೆ ಸಿಗದ ಏನನ್ನೋ
ಹೇಳುತ್ತಿರುವಂತೆ ಬೆನ್ನು ಅಲುಗುತ್ತಿತ್ತು.
ನಟನೆಯೆಂದು ಗೊತ್ತಿದ್ದೂ
ಗಂಟಲಲ್ಲಿ ಬಿಳಿಕಾಳು ಸಿಕ್ಕಿಕೊಂಡ ಹಾಗಾಯಿತು.

ಬೆಳಿಗ್ಗೆ ಎಂಟಕ್ಕೆ ಬ್ರಿಯೋಷ್ ಬ್ರೆಡ್ಡು, ಬೆಣ್ಣೆ, ಪ್ಲಮ್ ಜಾಮು,
ಬೋಗುಣಿಯಂಥ ಬಟ್ಟಲಲ್ಲಿ ಕಾಫಿ.
ಅವಳ ಹುಬ್ಬಿನಂಚಿನಲ್ಲಿ ತೊಳೆದರೂ ಉಳಿದ ಮಸಿ.
ಎಲ್ಲ ಊರಿನವರೇ, ಸಂಬಳವಿಲ್ಲ, ಎಂದಳು.
ಮಾಂಸದಂಗಡಿಯವನೇ ಬಿಷಪ್,
ಬಿಳಿ ಕುದುರೆಯ ಮೇಲೆ ಬಂದವಳು ಅಂಚೆ ಹಂಚುವವಳು.
"ನಾನು ಇಪ್ಪತ್ತಾರು ಬೇಸಿಗೆಯಿಂದ ಸುಡುತ್ತಿದ್ದೇನೆ."
ರೊನಾನ್ ಐದನೆಯ ತುಂಡಿಗೆ ಬೆಣ್ಣೆ ಸವರುತ್ತಿದ್ದ.
ಟಿಟುವಾನ್‌ಗೆ ಒಂದೇ ಚಿಂತೆ:
"ಪಾಪು ಬದುಕಿತಾ?"

ಒಳಗೆ ಹೋಗಿ ತಂದು ಮೇಜಿನ ಮೇಲಿಟ್ಟಳು
ಸುರುಳಿ ಸುತ್ತಿ ದಾರ ಕಟ್ಟಿದ, ನೀಲಿ ಅಂಚಿನ ಟವೆಲು.
"ಬೊಂಬೆಯ ತಲೆ ಹೋದ ವಾರ ಮುರಿಯಿತು.
ಕ್ಷಮಿಸಿ, ಇದು ನಿಮ್ಮ ಕೋಣೆಯದೇ."
ಮಗ ದಾರ ಬಿಚ್ಚಗೊಡಲಿಲ್ಲ.
ನಾನು ಮೂಸಿದೆ, ಕಸುಬಿನ ಚಾಳಿ:
ಗ್ಯಾಸು, ಒದ್ದೆ ಹುಲ್ಲು, ಬೆವರು.
ಅರವತ್ತು ಡಿಗ್ರಿಯ ನೀರಿಗೂ ಬಗ್ಗದ ವಾಸನೆ.

ಲೆಕ್ಕ ಚುಕ್ತಾ ಮಾಡಿ ಹೊರಡುವಾಗ
ಅವಳು ಹಗ್ಗದ ಮೇಲೆ ಹಾಸಿಗೆಬಟ್ಟೆ ಹರವುತ್ತಿದ್ದಳು.
ಇವತ್ತು ಐದು ಜನ ಬರುತ್ತಾರಂತೆ.
ನಾಲ್ಕೇ ಟವೆಲು ಕೊಡಬೇಕು.